ನಿಂತ ಫ್ಯಾನೆಲ್ಲ ಕೆಟ್ಟದ್ದಲ್ಲ

ಗ್ರಾಫಿಕ್ಸ್ ಕಾರ್ಡಿನ ಫ್ಯಾನು ತಿರುಗದಿದ್ದರೆ ಅದು ಸುಟ್ಟುಹೋಗಿದೆ ಎಂಬುದು ಮನೆಯ ಕಂಪ್ಯೂಟರಿನ ಬಗ್ಗೆ ಇರುವ ಬಹು ಸಾಮಾನ್ಯ ನಂಬಿಕೆ. ಕ್ಯಾಬಿನೆಟ್ಟಿನ ಗಾಜಿನಿಂದ ಇಣುಕಿದರೆ ಪ್ರೊಸೆಸರಿನ ಫ್ಯಾನು ಸುತ್ತುತ್ತಿರುತ್ತದೆ, ಕಾರ್ಡಿನ ಫ್ಯಾನುಗಳು ಮಾತ್ರ ಸುಮ್ಮನೆ ನಿಂತಿರುತ್ತವೆ. ಇದು ತಯಾರಕರೇ ಮಾಡಿಟ್ಟ ಏರ್ಪಾಡು. 2014ರ ಸುಮಾರಿಗೆ ಆಸುಸ್, ಎಂಎಸ್‌ಐ ಮುಂತಾದವರ ಕಾರ್ಡುಗಳಲ್ಲಿ ಇದು ರೂಢಿಗೆ ಬಂತು: ಚಿಪ್ಪಿನ ಬಿಸಿ 50ರಿಂದ 60 ಡಿಗ್ರಿ ಸೆಲ್ಸಿಯಸ್ ದಾಟುವ ತನಕ ಫ್ಯಾನು ಚಾಲೂ ಆಗುವುದೇ ಇಲ್ಲ. ಪತ್ರ ಟೈಪು ಮಾಡುವಾಗ, ಸಿನಿಮಾ ನೋಡುವಾಗ ಕಾರ್ಡಿಗೆ ಗಾಳಿಯ ಅಗತ್ಯವಿರುವುದಿಲ್ಲ. ಒಂದು ಭಾರೀ ಗೇಮು ಹಾಕಿ ಐದು ನಿಮಿಷ ಕಾದರೆ ಅನುಮಾನ ಬಗೆಹರಿಯುತ್ತದೆ. ಜಿಪಿಯು-ಝಡ್‌ನಂಥ ತಂತ್ರಾಂಶದಲ್ಲಿ ಬಿಸಿ 75 ತೋರಿಸುತ್ತಿದ್ದರೂ ರೆಕ್ಕೆ ಅಲುಗದಿದ್ದರೆ ಆಗ ಚಿಂತಿಸಬೇಕು. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಬೆರಳಿನಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿ ನೋಡಬೇಕು. ಎಷ್ಟೋ ಸಲ ಅಡ್ಡ ಸಿಕ್ಕಿರುವುದು ಕ್ಯಾಬಿನೆಟ್ಟಿನೊಳಗೆ ಜೋತುಬಿದ್ದ ಒಂದು ವೈರು, ಅಷ್ಟೆ.

ಫ್ಯಾನು ಅರೆ ನಿಮಿಷ ತಿರುಗಿ, ನಿಂತು, ಮತ್ತೆ ತಿರುಗುವುದನ್ನು ಕಂಡವರು ಅದು ಸಾಯುವ ಹಂತದಲ್ಲಿದೆ ಅಂದುಕೊಳ್ಳುತ್ತಾರೆ. ಇಲ್ಲಿ ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಪುಣೆ–ಸೊಲ್ಲಾಪುರ ರೈಲು ಮಾರ್ಗದಲ್ಲಿ, ಭೀಮಾ ದಡದಲ್ಲಿರುವ ದೌಂಡದಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಪಾದರಸ 40ರ ಆಸುಪಾಸಿಗೆ ಏರುತ್ತದೆ. ಯಾವ ಫ್ಯಾನೂ ಕಾರ್ಡನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಸುಮ್ಮನಿರುವ ಕಾರ್ಡು ಕೋಣೆಗಿಂತ 18 ಡಿಗ್ರಿ ಹೆಚ್ಚು ಬಿಸಿಯಿರುತ್ತದೆ ಎಂದುಕೊಂಡರೆ, ಡಿಸೆಂಬರಿನಲ್ಲಿ 20 ಡಿಗ್ರಿಯ ಕೋಣೆಯಲ್ಲಿ ಅದು 38ಕ್ಕೆ ನಿಲ್ಲುತ್ತದೆ, ಮೇ ತಿಂಗಳಲ್ಲಿ 58ಕ್ಕೆ ಹತ್ತುತ್ತದೆ. ಆಗ ಗಡಿ ದಾಟಿತೆಂದು ಫ್ಯಾನು ಏಳುತ್ತದೆ, ಬಿಸಿ ಒಂದೆರಡು ಡಿಗ್ರಿ ಇಳಿದೊಡನೆ ಮಲಗುತ್ತದೆ. ಚಳಿಗಾಲದಲ್ಲಿ ಸದ್ದಿಲ್ಲದಿದ್ದ ಕಾರ್ಡು ಬೇಸಿಗೆಯಲ್ಲಿ ‘ಕೆಟ್ಟದ್ದು’ ಹೀಗೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ, ಎಷ್ಟು ಬಿಸಿಗೆ ಎಷ್ಟು ವೇಗ ಎಂದು ಹೇಳುವ ಫ್ಯಾನಿನ ಗೆರೆಯನ್ನು ತಿದ್ದಿ, ಸದಾ 30–35 ಪ್ರತಿಶತದಲ್ಲಿ ನಿಧಾನಕ್ಕೆ ಸುತ್ತುವಂತೆ ಇಟ್ಟರೆ ಈ ಕಣ್ಣುಮುಚ್ಚಾಲೆ ಮುಗಿಯಿತು. 10–15 ಪ್ರತಿಶತಕ್ಕೆ ಇಳಿಸಿದರೆ ಇನ್ನೂ ನಿಶ್ಶಬ್ದವಾದೀತು ಎಂಬ ಆಸೆ ಬೇಡ. ಅಷ್ಟು ಕಡಿಮೆಯಲ್ಲಿ ಬಹಳಷ್ಟು ಫ್ಯಾನುಗಳು ಏಳಲಾರದೆ ಟಿಕ್ ಟಿಕ್ ಎಂದು ಮಿಸುಕುತ್ತವೆ.

ಬೇಸಿಗೆಯ ಇನ್ನೊಂದು ಉಪಾಯ, ಕಂಪ್ಯೂಟರನ್ನು ನೀರಿನ ಕೂಲರಿನ ಎದುರಿಗೇ ಇಡುವುದು. ಬಿಸಿ ಇಳಿಯುವುದು ನಿಜ. ಆದರೆ ಕೂಲರಿನ ರಭಸದ ಗಾಳಿಯೊಡನೆ ಹನಿಗಳೂ ಹಾರಿಬರುತ್ತವೆ. ಗಡಸು ನೀರಾದರೆ ಅವು ಒಣಗಿದಲ್ಲಿ ಬಿಳಿ ಉಪ್ಪು ಉಳಿಯುತ್ತದೆ, ಒಳಗಿನ ಧೂಳು ಒದ್ದೆಯಾಗಿ ಹೀಟ್‌ಸಿಂಕಿನ ಸಂದಿಯಲ್ಲಿ ಮೆತ್ತಿಕೊಳ್ಳುತ್ತದೆ. ಕೂಲರು ಕೋಣೆಯನ್ನು ತಂಪು ಮಾಡಲಿ, ಕ್ಯಾಬಿನೆಟ್ಟಿಗೆ ನೇರ ಬೀಸುವುದು ಬೇಡ. ಧೂಳು ತೆಗೆಯುವಾಗಲೂ ಒಂದು ಎಚ್ಚರ: ಬ್ಲೋವರ್ ಹಿಡಿದರೆ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಗಾಳಿಗೆ ಗಿರ್ರನೆ ಸುತ್ತುವ ಫ್ಯಾನು ನೋಡಲು ಚೆಂದ, ಬೇರಿಂಗಿಗೆ ಮಾತ್ರ ಪೆಟ್ಟು.

ಸದ್ದು ಬಂದರೆ ಎಣ್ಣೆ ಬಿಡು ಎನ್ನುವುದು ಹೊಲಿಗೆ ಯಂತ್ರದ ಕಾಲದಿಂದ ಬಂದ ಬುದ್ಧಿ, ಪೂರ್ತಿ ಸುಳ್ಳೂ ಅಲ್ಲ. ಸ್ಲೀವ್ ಬೇರಿಂಗಿನ ಫ್ಯಾನಿನ ನಡುವಿನ ಸ್ಟಿಕರ್ ಎಬ್ಬಿಸಿ ಒಂದೇ ಹನಿ ಯಂತ್ರದ ತೆಳು ಎಣ್ಣೆ ಬಿಟ್ಟರೆ ಕೆಲವು ತಿಂಗಳು ಸದ್ದಡಗುತ್ತದೆ. ಸವೆದ ಬೇರಿಂಗು ಅದರಿಂದ ಸರಿಹೋಗದು. ಫ್ಯಾನು ಬದಲಿಸುವುದೇ ದಾರಿ. ಹೊಸದನ್ನು ತರುವಾಗ ನಡುವಿನ ಸ್ಟಿಕರಿನ ಮೇಲಿನ ಸಂಖ್ಯೆ, ಪ್ಲಗ್ಗು, ತಿರುಪಿನ ತೂತುಗಳ ಅಂತರ ಮೂರೂ ಹೊಂದಬೇಕು. ಕೊಬ್ಬರಿ ಎಣ್ಣೆಯ ಮಾತೇ ಬೇಡ. ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ದೌಂಡದ ಡಿಸೆಂಬರ್ ಬೆಳಗ್ಗೆ ತಲೆಗೆ ಹಚ್ಚುವ ಬಾಟಲಿಯನ್ನು ಬಿಸಿಲಿಗಿಡುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು, ಕಾರ್ಡಿನಿಂದ ಬರುವ ಸದ್ದೆಲ್ಲ ಫ್ಯಾನಿನದಲ್ಲ. ಸೊಳ್ಳೆಯಂತೆ ಕೀರಲು ದನಿ ಬಂದರೆ ಅದು ವಿದ್ಯುತ್ ಹದಗೊಳಿಸುವ ಸುರುಳಿಗಳ ಕಂಪನ. ಗೇಮು ಹಾಕದೆ ಫ್ಯಾನನ್ನು ಮಾತ್ರ 100 ಪ್ರತಿಶತಕ್ಕೆ ಏರಿಸಿದಾಗ ಆ ದನಿ ಇಲ್ಲದೆ, ಗೇಮಿನ ಫ್ರೇಮುಗಳನ್ನು ಸೆಕೆಂಡಿಗೆ 60ಕ್ಕೆ ಕಟ್ಟಿದಾಗ ತಗ್ಗಿದರೆ ಫ್ಯಾನು ನಿರಪರಾಧಿ.

ಫ್ಯಾನು ಪೂರ್ತಿ ವೇಗದಲ್ಲಿದ್ದರೂ ಬಿಸಿ ಇಳಿಯದಿದ್ದರೆ ಹೊಸ ಫ್ಯಾನು ಕೊಳ್ಳುವ ಮೊದಲು ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಹತ್ತು ನಿಮಿಷ ನೋಡಬೇಕು. ಬಿಸಿ ಸಾಕಷ್ಟು ಇಳಿದರೆ ದೋಷ ಕ್ಯಾಬಿನೆಟ್ಟಿನ ಗಾಳಿಯಾಟದ್ದು. ಇಳಿಯದಿದ್ದರೆ, ಧೂಳೂ ಇಲ್ಲದಿದ್ದರೆ, ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿರುವ ಸಂಭವ ಹೆಚ್ಚು.

ತಪ್ಪು ಸದಾ ಬಳಕೆದಾರನ ಮೇಜಿನ ಮೇಲೇ ಇರುತ್ತದೆ ಎಂಬುದೂ ನಿಜವಲ್ಲ. 2010ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ತನ್ನ 196.75 ಡ್ರೈವರನ್ನು ಹಿಂದೆಗೆದುಕೊಂಡಿತು. ಅದನ್ನು ಹಾಕಿಕೊಂಡ ಕೆಲವು ಕಾರ್ಡುಗಳಲ್ಲಿ ಫ್ಯಾನಿನ ವೇಗ ಬಿಸಿಗೆ ತಕ್ಕಂತೆ ಏರುತ್ತಿರಲಿಲ್ಲ. ಡ್ರೈವರ್ ಬದಲಿಸಿದ ಮರುದಿನವೇ ಫ್ಯಾನು ಹಟ ಹಿಡಿದರೆ ಸ್ಕ್ರೂಡ್ರೈವರಿಗೆ ಮೊದಲು ಹಳೆಯ ಡ್ರೈವರಿಗೆ ಮರಳುವುದು ಲೇಸು. 2021ರ ಜುಲೈಯಲ್ಲಿ ಅಮೆಜಾನಿನ ‘ನ್ಯೂ ವರ್ಲ್ಡ್’ ಗೇಮಿನ ಪರೀಕ್ಷಾ ಆವೃತ್ತಿ ಆಡುತ್ತಿದ್ದವರ ಕೆಲವು ಇವಿಜಿಎ 3090 ಕಾರ್ಡುಗಳು ಸತ್ತವು. ಕೂಡಲೇ ಗುಮಾನಿ ಹೋದದ್ದು ಫ್ಯಾನನ್ನು ನಿಯಂತ್ರಿಸುವ ಚಿಪ್ಪಿನ ಮೇಲೆ, ಏಕೆಂದರೆ ಅಳತೆಯ ತಂತ್ರಾಂಶಗಳು ಫ್ಯಾನಿನ ವೇಗವನ್ನು ಅಡ್ಡಾದಿಡ್ಡಿಯಾಗಿ ತೋರಿಸುತ್ತಿದ್ದವು. ಇವಿಜಿಎ ಆ ಕಾರ್ಡುಗಳನ್ನು ಎಕ್ಸ್-ರೇ ಮಾಡಿ ನೋಡಿದ ಮೇಲೆ ಹೇಳಿದ್ದೇ ಬೇರೆ: ವಿದ್ಯುತ್ ಸರ್ಕ್ಯೂಟಿನ ಬಳಿ ಬೆಸುಗೆ ಸರಿಯಾಗಿರಲಿಲ್ಲ, ಫ್ಯಾನಿನ ವಿಚಿತ್ರ ಅಂಕಿಗಳು ಅಳತೆಯ ತಂತಿಯಲ್ಲಿನ ಗದ್ದಲದಿಂದ ಹುಟ್ಟಿದ್ದವು.

ಮನೆಯಲ್ಲೂ ಇಂಥ ತಪ್ಪು ಅಳತೆಯ ಚಿಕ್ಕ ರೂಪ ಕಾಣುತ್ತದೆ. ಕಾರ್ಡಿನ ಫ್ಯಾನಿಗೆ ಸಾಮಾನ್ಯವಾಗಿ ನಾಲ್ಕು ತಂತಿ: ಎರಡು ವಿದ್ಯುತ್ತಿಗೆ, ಒಂದು ವೇಗ ಎಷ್ಟಿರಬೇಕೆಂದು ಹೇಳುವುದಕ್ಕೆ, ಒಂದು ವೇಗ ಎಷ್ಟಿದೆಯೆಂದು ತಿಳಿಸುವುದಕ್ಕೆ. ಈ ಕೊನೆಯದು ಸಡಿಲವಾದರೆ ಕಣ್ಣೆದುರಿಗೆ ಫ್ಯಾನು ಸುತ್ತುತ್ತಿದ್ದರೂ ಪರದೆಯ ಮೇಲೆ ಸೊನ್ನೆ ಮೂಡುತ್ತದೆ.