ಮನೆ ಹಾಸನದಲ್ಲಿ, ಮಾಲೀಕರು ಪುಣೆಯಲ್ಲಿ, ಕೀ ಪಕ್ಕದ್ಮನೇಲಿ!

ನಮ್ಮ ಬೀದಿಯಲ್ಲಿ ಎಣಿಸಿ ನೋಡಿದರೆ ಏಳು ಮನೆಗೆ ಬೀಗ. ಮಕ್ಕಳು ಬೆಂಗಳೂರು, ಪುಣೆ, ದುಬೈ; ಅಪ್ಪ ಅಮ್ಮ ಇವತ್ತು ಇಲ್ಲಿ, ನಾಳೆ ಅಲ್ಲಿ. ಹೊಸ್ತಿಲಿಗೆ ರಂಗೋಲಿ ಇಲ್ಲ. ಗೇಟಿಗೆ ಸಿಕ್ಕಿಸಿದ ಕರೆಂಟ್ ಬಿಲ್ಲು ಸಿಕ್ಕಿಸಿದ ಹಾಗೇ ಇರುತ್ತೆ. ಕಳ್ಳನಿಗೆ ಇದಕ್ಕಿಂತ ದೊಡ್ಡ ಬೋರ್ಡು ಬೇಕೇ ಸ್ವಾಮಿ?

ಅಂಥದ್ದೊಂದು ಮನೆ ನಮ್ಮ ಪಕ್ಕದ ಟೀಚರಮ್ಮನವರದು. ಮೊಮ್ಮಗುವನ್ನು ನೋಡಿಕೊಳ್ಳಲು ಪುಣೆಯ ಮಗನ ಮನೆಗೆ ಹೋಗಿ ಎರಡು ತಿಂಗಳಾಗಿತ್ತು. ಕೀ ನಮ್ಮ ಮನೆಯಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿ. ನಮ್ಮ ಮನೆಯಾಕೆ ಶುಕ್ರವಾರ ಹೋಗಿ ದೇವರ ಮುಂದೆ ದೀಪ ಹಚ್ಚಿ, ತುಳಸಿಗೆ ನೀರು ಹಾಕಿ ಬರುತ್ತಿದ್ದಳು.

ಹೋದ ಬೇಸಿಗೆಯ ಒಂದು ಶುಕ್ರವಾರ, ದೀಪ ಹಚ್ಚಲು ಹೋದವಳು ಹಾಗೇ ಓಡಿ ಬಂದಳು. ಹಿತ್ತಿಲ ಬಾಗಿಲ ಚಿಲಕ ಮೀಟಿದ್ದಾರೆ. ಬೀರುವಿನ ಬಾಗಿಲು ತೆರೆದಿದೆ, ಸೀರೆಗಳೆಲ್ಲಾ ನೆಲದ ಮೇಲೆ. ಮೇಲೆ ಫ್ಯಾನು ತಿರುಗುತ್ತಲೇ ಇದೆ! ಪುಣ್ಯಾತ್ಮ ಗಾಳಿ ಹಾಕಿಕೊಂಡು ನಿಧಾನವಾಗಿ ಕೆಲಸ ಮುಗಿಸಿದ್ದಾನೆ. ಬಚ್ಚಲುಮನೆಯ ತಾಮ್ರದ ಹಂಡೆಯನ್ನೂ ಬಿಟ್ಟಿಲ್ಲ.

ಏನನ್ನೂ ಮುಟ್ಟದೆ ಹೊರಗೆ ಬಂದು 112ಕ್ಕೆ ಫೋನ್ ಮಾಡಿದೆ. ಆಮೇಲೆ ಪುಣೆಗೆ. ಮಗ ಮೊದಲು ಕೇಳಿದ್ದು, “ಅಂಕಲ್, ಕೀ ನಿಮ್ಮ ಹತ್ರಾನೇ ಇತ್ತಲ್ವಾ?”

ಗಾಬರಿಯಲ್ಲಿ ಕೇಳಿದ್ದು, ನಿಜ. ಆದರೂ ಆ ಮಾತು ನನ್ನನ್ನು ಆ ರಾತ್ರಿ ಮಲಗಲು ಬಿಡಲಿಲ್ಲ. ಪೊಲೀಸರೂ ಅದನ್ನೇ ಕೇಳಿದರು, ಅದು ಅವರ ಕೆಲಸ. ಕೀ ಇಟ್ಟುಕೊಂಡವನು, ಹಾಲು ಹಾಕುವ ಹುಡುಗ, ತೆಂಗಿನಕಾಯಿ ಕೀಳಲು ಬಂದಿದ್ದ ಆಳು, ಎಲ್ಲರಿಗೂ ಸರದಿ ಬಂತು. ಟೀ ಅಂಗಡಿಗೆ ನಾನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಇಪ್ಪತ್ತು ವರ್ಷ ಅದೇ ಬೆಂಚಿನ ಮೇಲೆ ಟೀ ಕುಡಿದವನು ನಾನು!

ದೂರು ಕೊಡೋಕೆ ಮನೆಯವರೇ ಬರಬೇಕು ಅಂತ ಬೀದಿಯಲ್ಲಿ ಎಲ್ಲರೂ ಲಾಯರುಗಳಾದರು. ಹಾಗೇನಿಲ್ಲ. ಕಳವಿನ ಸುದ್ದಿಯನ್ನು ಗೊತ್ತಿದ್ದವರು ಯಾರು ಬೇಕಾದರೂ ಕೊಡಬಹುದು, ನಾನೇ ಬರೆದುಕೊಟ್ಟೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ದೂರದಲ್ಲಿದ್ದವರು ಎಲೆಕ್ಟ್ರಾನಿಕ್ ಮಾರ್ಗದಲ್ಲೂ ದೂರು ಕಳಿಸಬಹುದು. ಮೂರು ದಿನದೊಳಗೆ ಸಹಿ ಮಾತ್ರ ಹಾಕಬೇಕು. ಕಳವು ನಡೆದ ಊರಿನ ಠಾಣೆಯೇ ಆಗಬೇಕೆಂದೂ ಇಲ್ಲ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ. (ನಮಗೆಲ್ಲಾ ಬಾಯಿಪಾಠವಾಗಿದ್ದ 457, 380 ಈಗ ನ್ಯಾಯ ಸಂಹಿತೆಯ 331, 305 ಆಗಿವೆ. ಕಳ್ಳರಿಗೂ ಹೊಸ ಪಾಠ.)

ನಿಜವಾದ ತಾಪತ್ರಯ ಶುರುವಾದದ್ದು ಪಟ್ಟಿ ಬರೆಯುವಾಗ. ಏನೇನು ಹೋಯ್ತು? ನಮಗೆ ಗೊತ್ತಿಲ್ಲ. ಮಗನಿಗೂ ಗೊತ್ತಿಲ್ಲ. ಗೊತ್ತಿದ್ದ ಟೀಚರಮ್ಮ ಫೋನಿನಲ್ಲಿ ಅಳುತ್ತಿದ್ದಾರೆ. ಅವಲಕ್ಕಿ ಸರ ಎಷ್ಟು ತೂಕ ಎಂದರೆ, “ಮದುವೇಲಿ ನಮ್ಮಪ್ಪ ಹಾಕಿದ್ದು ಕಣ್ರೀ, ತೂಕ ಯಾರು ಕೇಳಿದ್ರು?” ರಸೀದಿ ಎಲ್ಲಿಂದ ತರೋದು? ಕೊನೆಗೆ ಮಗ ಮದುವೆ ಆಲ್ಬಮ್ಮಿನ ಫೋಟೋ ಹುಡುಕಿ ಮೊಬೈಲಿಗೆ ಕಳಿಸಿದ. ಅಮ್ಮನ ಕೊರಳಲ್ಲಿ ಸರ ಸ್ಪಷ್ಟವಾಗಿ ಕಾಣುತ್ತಿತ್ತು. ಅದನ್ನೇ ಕೊಟ್ಟೆವು. ನೀವು ಊರು ಬಿಟ್ಟು ಹೋಗುವವರಾದರೆ ಇವತ್ತೇ ಒಡವೆಗಳ ಫೋಟೋ ತೆಗೆದು, ಅಂಗಡಿಯಲ್ಲಿ ತೂಕ ಹಾಕಿಸಿ ಬರೆದಿಡಿ. ಹತ್ತು ನಿಮಿಷದ ಕೆಲಸ.

ಫೋಟೋ ಇದ್ದರೂ ಚಿನ್ನದ ಕಥೆ ಕಷ್ಟವೇ. ಕರಗಿಸಿ ಗಟ್ಟಿ ಮಾಡಿದ ಮೇಲೆ ಯಾವುದು ಯಾರದು? ಟೀಚರಮ್ಮನ ಸರ ಇವತ್ತಿಗೂ ಸಿಕ್ಕಿಲ್ಲ. ಸಿಕ್ಕಿದ್ದು ಹಂಡೆ! ಹಳೇ ಕಾಲದವರು ಪಾತ್ರೆ ಮೇಲೆ ಹೆಸರು ಕೆತ್ತಿಸುತ್ತಿದ್ದರಲ್ಲಾ, ಹಾಗೆ ಅವರತ್ತೆಯ ಹೆಸರು ಹಂಡೆಯ ಕಂಠದಲ್ಲಿತ್ತು. ಮೂರು ತಿಂಗಳ ಮೇಲೆ ಪಕ್ಕದ ತಾಲ್ಲೂಕಿನ ಗುಜರಿ ಅಂಗಡಿಯವರೊಬ್ಬರು ಹೆಸರು ಓದಿ ಅನುಮಾನಪಟ್ಟು ಠಾಣೆಗೆ ತಿಳಿಸಿದರು. ಆ ಪುಣ್ಯಾತ್ಮರಿಂದ ಮಾರಿದವನು ಸಿಕ್ಕ. ಅವನು ಯಾವೂರಿನವನೋ, ನಮ್ಮ ಬೀದಿಯವರು ಯಾರಿಗೂ ಪರಿಚಯವಿಲ್ಲ. ಟೀ ಅಂಗಡಿಯಲ್ಲಿ ಮತ್ತೆ ಮಾತು ಶುರುವಾಯಿತು.

ಜಪ್ತಿಯಾದ ಸಾಮಾನು ಕೇಸು ಮುಗಿಯುವವರೆಗೆ ಠಾಣೆಯಲ್ಲೇ ಕೊಳೆಯಬೇಕಿಲ್ಲ. ಪಂಚನಾಮೆ, ಫೋಟೋ ಮಾಡಿಸಿ, ಮುಚ್ಚಳಿಕೆ ಬರೆಸಿಕೊಂಡು ಬೇಗ ಹಿಂದಿರುಗಿಸಿ ಎಂದು ಸುಪ್ರೀಂ ಕೋರ್ಟು ಸುಂದರ್‌ಭಾಯಿ ಪ್ರಕರಣದಲ್ಲಿ 2002ರಲ್ಲೇ ಹೇಳಿದೆ. ಕೋರ್ಟಿಗೆ ಅರ್ಜಿ ಹಾಕಬೇಕು, ಅಷ್ಟೆ. ಟೀಚರಮ್ಮ ಪುಣೆಯಿಂದ ಬಂದು ಸಹಿ ಹಾಕಿದರು. ಕೇಳಿದಾಗ ಹಾಜರುಪಡಿಸುತ್ತೇನೆ, ಮಾರುವುದಿಲ್ಲ ಎಂದು ವಕೀಲರು ಓದಿ ಹೇಳಿದಾಗ, “ನಮ್ಮತ್ತೆ ಹಂಡೇನ ನಾನು ಮಾರ್ತೀನೇನ್ರೀ?” ಎಂದು ಅವರನ್ನೇ ಗದರಿದರು.

ಹಿತ್ತಿಲ ಬಾಗಿಲಿಗೆ ಕಬ್ಬಿಣದ ಪಟ್ಟಿ ಹಾಕಿಸಿದ್ದಾಯಿತು. ಮಗ ಹೊಸ ಬೀಗ ತಂದ. ಟೀಚರಮ್ಮ ಪುಣೆಗೆ ಹೊರಡುವ ದಿನ ಕೀ ಹಿಡಿದು ನಮ್ಮನೆಗೆ ಬಂದರು. ನನ್ನ ಹೆಂಡತಿ, “ಬೇಡಮ್ಮಾ, ಈ ಸಲ ಬೇರೆ ಯಾರಿಗಾದ್ರೂ ಕೊಡಿ” ಅಂದಳು. ಮಗ ನೆಲ ನೋಡುತ್ತಾ, “ನಾನು ಅವತ್ತು ಹಂಗೆ ಕೇಳಬಾರದಿತ್ತು ಅಂಕಲ್” ಅಂದ. ನನಗೆ ಏನು ಹೇಳಬೇಕೋ ತೋಚಲಿಲ್ಲ. ಟೀಚರಮ್ಮ ಯಾರ ಮಾತಿಗೂ ಕಾಯದೆ ಒಳಗೆ ಹೋಗಿ ಕೀಯನ್ನು ಅದೇ ಮೊಳೆಗೆ ತಗುಲಿಹಾಕಿ, ಬಸ್ಸಿಗೆ ಹೊತ್ತಾಯ್ತು ಎಂದು ಹೊರಟರು.