ಹೊಳೆಯುವ ಬಯೊನೆಟ್ಟಿನ ಹಿಂದೆ

ರಣರಂಗದಲ್ಲಿ ಹೊಳೆಯುವ ಆಯುಧ ಹಿಡಿದವನಿಗೇ ಅಪಾಯ. ಬಿಸಿಲಿಗೆ ಮಿನುಗಿದರೆ ವೈರಿಗೆ ಗುರುತು ಸಿಕ್ಕಿತೆಂದೇ ಲೆಕ್ಕ. ಆದುದರಿಂದಲೇ ಎರಡನೇ ಮಹಾಯುದ್ಧದಲ್ಲಿ ಅಮೇರಿಕದವರು ತಮ್ಮ ಬಯೊನೆಟುಗಳಿಗೆ ಬೂದು ಬಣ್ಣದ ಮಂಕು ಲೇಪ ಕೊಟ್ಟರು. ಹಾಗಿರುವಾಗ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಕ್ರೋಮಿಯಂ ಲೇಪದ ಬಯೊನೆಟುಗಳನ್ನೇ ಹುಡುಕಿ ಕೂಡಿಡುವವರು ಆ ದೇಶದಲ್ಲಿದ್ದಾರೆಂದರೆ ಓದುಗರು ಹುಬ್ಬೇರಿಸಿಯಾರು. ಅಂಚೆಚೀಟಿ, ಹಳೆ ನಾಣ್ಯಗಳ ಹುಚ್ಚನ್ನು ನಾವೆಲ್ಲ ಕಂಡವರೇ. ಇದೂ ಅದೇ ಜಾತಿಯದು, ಹರಿತ ಮಾತ್ರ ತುಸು ಹೆಚ್ಚು.

ಬಯೊನೆಟ್ ಎಂದರೆ ಕೋವಿಯ ಮೂತಿಗೆ ಸಿಕ್ಕಿಸುವ ಚೂರಿ. ಕಾಳಗದಲ್ಲಿ ಅದರ ಕೆಲಸ ಕುಗ್ಗಿದರೂ ಕವಾಯತಿನಲ್ಲಿ ಅದರ ಮರ್ಯಾದೆ ಉಳಿಯಿತು. ವಾಷಿಂಗ್ಟನ್ ಬಳಿಯ ಆರ್ಲಿಂಗ್ಟನ್ ಸ್ಮಶಾನದಲ್ಲಿ, 1921ರಲ್ಲಿ ಮಣ್ಣು ಮಾಡಿದ ಅಜ್ಞಾತ ಯೋಧನ ಸಮಾಧಿಗೆ 1937ರಿಂದ ಹಗಲಿರುಳೂ ಪಹರೆಯುಂಟು. 1948ರಿಂದ ಆ ಹೊಣೆ ಹೊತ್ತಿರುವ 3ನೇ ಕಾಲ್ದಳಕ್ಕೆ, ಬಯೊನೆಟ್ ಸಿಕ್ಕಿಸಿಯೇ ಮೆರವಣಿಗೆಯಲ್ಲಿ ನಡೆಯುವ ವಿಶೇಷ ಹಕ್ಕು 1922ರಲ್ಲಿ ದೊರೆಯಿತು. 1847ರಲ್ಲಿ ಮೆಕ್ಸಿಕೋದ ಸೆರೊ ಗಾರ್ಡೊದಲ್ಲಿ ಅದು ಬಯೊನೆಟ್ ಹಿಡಿದು ನುಗ್ಗಿದ್ದರ ನೆನಪಿಗೆ ಸಂದ ಮರ್ಯಾದೆ ಅದು. ಇಂಥ ಗೌರವ ಪಹರೆಗಳಿಗೂ, ಕಾಲೇಜುಗಳ ಕವಾಯತು ತಂಡಗಳಿಗೂ, ಸತ್ತ ಸಂಗಾತಿಗೆ ಮೂರು ಸುತ್ತು ಗುಂಡು ಹಾರಿಸಿ ಬೀಳ್ಕೊಡುವ ಮಾಜಿ ಸೈನಿಕರಿಗೂ ಹಳೆ ಬಯೊನೆಟುಗಳೇ ಲೇಪ ಪಡೆದು ಮೆರವಣಿಗೆಗೆ ಬಂದವು.

ಆ ಹಳೆಯವುಗಳ ಕತೆಯೂ ಸ್ವಾರಸ್ಯವೇ. 1942ರಲ್ಲಿ 16 ಇಂಚು ಅಲಗಿನ ಬಯೊನೆಟುಗಳನ್ನು ಮಾಡಿಕೊಟ್ಟವರಲ್ಲಿ ಅಮೆರಿಕನ್ ಫೋರ್ಕ್ ಅಂಡ್ ಹೋ ಎಂಬ ಕಂಪೆನಿಯೂ ಒಂದು. ಹೆಸರೇ ಹೇಳುವಂತೆ, ಹೊಲದ ಗುದ್ದಲಿ ಮಾಡುತ್ತಿದ್ದವರು! ಅವರ ಅಲಗಿನ ಬುಡದಲ್ಲಿ ಎ.ಎಫ್.ಎಚ್. ಅಕ್ಷರಗಳೂ ಇಸವಿಯೂ ಇರುತ್ತವೆ. 1943ರಲ್ಲಿ ಅಷ್ಟುದ್ದ ಬೇಡವೆಂದು ಅಲಗನ್ನು 10 ಇಂಚಿಗೆ ಇಳಿಸಿದರು. ಮೊದಲೇ ಮಾಡಿದ್ದ ಎಷ್ಟೋ ಉದ್ದ ಅಲಗುಗಳ ತುದಿ ಕತ್ತರಿಸಿ ಮೊಟಕು ಮಾಡಿದ್ದೂ ಉಂಟು.

ಸಂಗ್ರಾಹಕನ ಸಂಕಟ ಶುರುವಾಗುವುದೇ ಇಲ್ಲಿ. ಲೇಪದ ತೊಟ್ಟಿ ಇದ್ದ ಯಾವ ಅಂಗಡಿಯವನೂ ತುಕ್ಕು ಹಿಡಿದ ಬಯೊನೆಟ್ಟಿಗೆ ಕ್ರೋಮಿಯಂ ಹಾಕಿ "ಗೌರವ ಪಹರೆಯದು" ಎಂದು ಮಾರಬಹುದು. ನಮ್ಮ ಕಡೆಯ ಗಿಲೀಟು ಒಡವೆಯ ವ್ಯಾಪಾರವೇ ಸರಿ. ಅಸಲು ಯಾವುದು, ನಕಲು ಯಾವುದು? ಬಲ್ಲವರು ಹೊಳಪನ್ನು ನೋಡುವುದಿಲ್ಲ, ಅದರ ಅಡಿಯನ್ನು ನೋಡುತ್ತಾರೆ. ಕ್ರೋಮಿಯಂ ಲೇಪ ಬಲು ತೆಳು, ತುಕ್ಕು ತಿಂದ ಗುಳಿಗಳನ್ನು ಅದು ಮುಚ್ಚಲಾರದು. ಗುಳಿಯ ಮೇಲೆಯೇ ಹೊಳಪು ಕೂತಿದ್ದರೆ, ಹಾಳಾದ ಮೇಲೆ ಲೇಪ ಬಿತ್ತೆಂದು ಅರ್ಥ. ಅಲಗಿನ ಅಕ್ಷರಗಳ ಅಂಚು ಸವೆದು ಮಸುಕಾಗಿದ್ದರೆ ಲೇಪಕ್ಕೆ ಮುಂಚೆ ಬಲವಾಗಿ ಉಜ್ಜಿದ್ದಾರೆಂದು ತಿಳಿಯಬೇಕು. ಅಷ್ಟರಿಂದಲೇ ನಕಲಿ ಎನ್ನುವಂತಿಲ್ಲ. ಪಹರೆಯವರೂ ಉಜ್ಜಿಸಿಯೇ ಲೇಪ ಹಾಕಿಸಿರಬಹುದು. ಮೊದಲ ಮಹಾಯುದ್ಧದ ಕಾಲದಲ್ಲೇ ಕ್ರೋಮಿಯಂ ಹಾಕಿದ್ದೆಂದು ಯಾರಾದರೂ ಆಣೆ ಹಾಕಿದರೆ ಮಾತ್ರ ನಂಬಬಾರದು. ಕ್ರೋಮಿಯಂ ಲೇಪ ವ್ಯಾಪಾರಕ್ಕೆ ಬಂದುದೇ 1920ರ ದಶಕದಲ್ಲಿ. ಅದಕ್ಕೆ ಹಿಂದಿನ ಹೊಳಪು ನಿಕ್ಕಲಿನದು, ಅದರಲ್ಲಿ ತುಸು ಹಳದಿ ಛಾಯೆ; ಕ್ರೋಮಿಯಮ್ಮಿನದು ನೀಲಿ ಬೆರೆತ ಬಿಳುಪು.

ಶುದ್ಧ ಸಮರಾಯುಧ ಬೇಕೆನ್ನುವವರು ಲೇಪ ಬಿದ್ದ ಬಯೊನೆಟನ್ನು ಕೆಟ್ಟ ಮಾಲೆಂದು ತಳ್ಳುತ್ತಾರೆ. ನಮಗೆ ಅದು ಅನ್ಯಾಯವೆನಿಸುತ್ತದೆ. ಹಿಡಿಯ ಬಳಿ ಕೈತಾಗಿ ಲೇಪ ಸವೆದಿರುವುದು, ಒರೆಗೆ ಹಾಕಿ ತೆಗೆದು ಅಲಗಿನ ಮೇಲೆ ಎದ್ದ ಗೆರೆಗಳು, ಇವು ಎಷ್ಟೋ ಶವಯಾತ್ರೆಗಳ ಲೆಕ್ಕ. ಅದನ್ನು ಮತ್ತೆ ಹೊಸದಾಗಿ ಹೊಳೆಯಿಸಹೋದರೆ ಲೆಕ್ಕವೇ ಅಳಿಸಿಹೋಯಿತು. ಮೆತ್ತನೆ ಬಟ್ಟೆ, ಒಂದು ಹನಿ ಎಣ್ಣೆ, ಇಷ್ಟು ಸಾಕು. ಚರ್ಮದ ಒರೆಯಲ್ಲಿ ವರ್ಷಗಟ್ಟಲೆ ಇಡಬಾರದು. ಚರ್ಮ ಹೀರಿದ ತೇವ ಅಲಗಿಗೆ ಹತ್ತುತ್ತದೆ. ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಇದನ್ನೋದಿ ಒಂದನ್ನು ತರಿಸೋಣವೆಂದು ಹೊರಡುವವರು, ಭಾರತದ ಶಸ್ತ್ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಈಟಿಗಳ ಜತೆ ಬಯೊನೆಟ್ಟಿನ ಹೆಸರೂ ಇದೆಯೆಂಬುದನ್ನು ಮರೆಯಬಾರದು. ಹಣ ಕಳಿಸುವ ಮೊದಲು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು ಲೇಸು.