ಟೆಸ್ಟ್ ಪಾಸ್, ಆದ್ರೆ ಬಟನ್ ಓದೋಕಾಗಲ್ಲ!

ಇವತ್ತಿನ ವಿಷಯ ನಿಮ್ಮ ಫೋನ್‌ನಲ್ಲೇ ಇದೆ.

ಆ್ಯಪ್‌ನ ಹೊಸ ವರ್ಷನ್ ಬಿಡೋ ಮೊದಲು ಪ್ರತಿ ಸ್ಕ್ರೀನನ್ನೂ ಕೈಯಲ್ಲಿ ಒತ್ತಿ ನೋಡ್ತಾ ಕೂತರೆ ದಿನಗಳೇ ಬೇಕು. ಅದಕ್ಕೇ ಆ ಕೆಲಸ ಪ್ರೋಗ್ರಾಂಗೆ ವಹಿಸ್ತಾರೆ. ಆಂಡ್ರಾಯ್ಡ್‌ಗೆ ಗೂಗಲ್‌ನ ಎಸ್ಪ್ರೆಸೊ, ಐಫೋನ್‌ಗೆ ಆಪಲ್‌ನ ಎಕ್ಸ್‌ಸಿಯುಐಟೆಸ್ಟ್, ಎರಡಕ್ಕೂ ಆಗೋದು ಆ್ಯಪಿಯಮ್. ಇವು ನಮ್ಮ ಹಾಗೇ ಬಟನ್ ಒತ್ತುತ್ತವೆ, ಟೈಪ್ ಮಾಡುತ್ತವೆ.

ಆದ್ರೆ ನಮ್ಮ ಹಾಗೆ ನೋಡಲ್ಲ. ಸಾಮಾನ್ಯವಾಗಿ, ಡೆವಲಪರ್ ಕೊಟ್ಟಿರೋ ಐಡಿ ಹಿಡಿದು ಬಟನ್ ಹುಡುಕುತ್ತವೆ. ಇಂಗ್ಲಿಷ್‌ನಲ್ಲಿ ‘ಪೇ’ ಅನ್ನೋಕೆ ಮೂರೇ ಅಕ್ಷರ. ಕನ್ನಡದಲ್ಲಿ ಅದು ‘ಹಣ ಪಾವತಿಸಿ’. ಬಟನ್ ಚಿಕ್ಕದಾದ್ರೆ ‘ಹಣ ಪಾ...’ ಅಂತ ಅರ್ಧಕ್ಕೇ ನಿಲ್ಲುತ್ತೆ. ಐಡಿ ಸಿಕ್ತು, ಒತ್ತಿದ್ದೂ ಆಯ್ತು, ಟೆಸ್ಟ್ ಪಾಸ್! ಫೋನ್ ಹಿಡಿದ ಅಜ್ಜಿಗೆ ಮಾತ್ರ ಎಲ್ಲಿ ಒತ್ತಬೇಕು ಅಂತ ಗೊತ್ತಾಗಲ್ಲ.

ಇದಕ್ಕೆ ಸ್ಕ್ರೀನ್‌ಶಾಟ್ ಟೆಸ್ಟ್ ಇದೆ. ಸರಿಯಿದ್ದಾಗ ತೆಗೆದ ಚಿತ್ರಕ್ಕೆ ಹೊಸ ಚಿತ್ರವನ್ನ ಹೋಲಿಸಿ, ವ್ಯತ್ಯಾಸ ಕಂಡ್ರೆ ಹೇಳುತ್ತೆ. ಅದನ್ನ ಕನ್ನಡದಲ್ಲೂ, ದೊಡ್ಡ ಫಾಂಟ್‌ನಲ್ಲೂ ನಡೆಸಬೇಕು. ಆ ಮೊದಲ ಚಿತ್ರವನ್ನ ಕನ್ನಡ ಬಲ್ಲವರೊಬ್ಬರು ಓದಿ ಒಪ್ಪಬೇಕು. ಯಾಕಂದ್ರೆ ಮಷೀನ್ ಹೇಳಿದ್ದನ್ನಷ್ಟೇ ನೋಡುತ್ತೆ. ಏನು ನೋಡ್ಬೇಕು ಅಂತ ಹೇಳೋದು ಮನುಷ್ಯರ ಕೆಲಸ.

ನಿಮ್ಮ ಆ್ಯಪ್‌ನಲ್ಲಿ ಅರ್ಧಕ್ಕೆ ನಿಂತ ಕನ್ನಡ ಕಂಡ್ರೆ ಸ್ಕ್ರೀನ್‌ಶಾಟ್ ತೆಗೆದು ಅವರಿಗೇ ಕಳಿಸಿ. ಟೆಸ್ಟ್ ಕಾಣದ್ದು ನಿಮಗೆ ಕಂಡಿದೆ!